ಪೂಜೆಗೆ ಕೂತ ಕಾಮಿಕ್ಸ್

ಹೊಸ ಪುಸ್ತಕವನ್ನು ಮೂಗಿಗೆ ಹಿಡಿದಾಗಲೆಲ್ಲ, ಇದಕ್ಕೆ ಅರಿಶಿನದ ವಾಸನೆ ಇಲ್ಲವಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ.

ಹೆಬ್ಬಾಳದಲ್ಲಿ ಅಪ್ಪ ಕೊಡಿಸಿದ್ದ ಸೂಪರ್‌ಹೀರೋ ಕಾಮಿಕ್ಸನ್ನು ನಾನು ಬಿಡಿಸುವ ಮೊದಲೇ ಅಜ್ಜಿ ಸರಸ್ವತಿ ಪೂಜೆಗೆ ಇಟ್ಟುಬಿಟ್ಟಳು.

"ಅದು ಪಾಠದ ಪುಸ್ತಕ ಅಲ್ಲಮ್ಮ," ಎಂದು ಅಪ್ಪ ನಕ್ಕ.

"ಅಕ್ಷರ ಇದೆ ತಾನೇ? ನಾಳೆವರೆಗೂ ಯಾರೂ ಮುಟ್ಟಂಗಿಲ್ಲ," ಎಂದಳು ಅಜ್ಜಿ.

ಚೆಂಡುಹೂವಿನ ಸಂದಿಯಲ್ಲಿ ಕಾಣುತ್ತಿದ್ದ ಹೀರೋನ ಕೆಂಪು ಬೂಟನ್ನೇ ನೋಡುತ್ತಾ ದಿನ ಕಳೆದೆ. ಮರುದಿನ ಊಟವಾದ ಮೇಲೆ ಅಜ್ಜಿಯೇ ಪುಸ್ತಕ ತಂದು ನನ್ನ ಪಕ್ಕ ಕೂತಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ತೆರೆದ ನುಣುಪಾದ ಪುಟದ ತುಂಬ ಹೀರೋ, ಉರಿಯುವ ಮಹಡಿಯಿಂದ ಮಗುವನ್ನು ಅವಚಿಕೊಂಡು ಜಿಗಿದಿದ್ದ. ನಾನು ಪುಟ ತಿರುಗಿಸಲು ಹೋದೆ. ಅಜ್ಜಿ ಗಟ್ಟಿಯಾಗಿ ನನ್ನ ಕೈ ಹಿಡಿದಳು.

"ತಡಿಯೋ, ಅವ್ನಿನ್ನೂ ನೆಲ ಮುಟ್ಟಿಲ್ಲ."