ಗಾಡಿ ಬಾರದ ದಾರಿ

ಜಲ್ಲಿಯ ಮೇಲೆ ಸೈಕಲ್ ಜಾರಿ ಅವನ ಕಾಲು ಮುರಿದಿತ್ತು. ಬೆಟ್ಟದ ಮೇಲಿನ ಊರಿನಿಂದ ನಾಲ್ವರು ಬಂದು, ಬಿದಿರಿಗೆ ಕಂಬಳಿ ಕಟ್ಟಿ, ಅವನನ್ನು ಹೊತ್ತು ಇಳಿಯತೊಡಗಿದರು. ಡಾಂಬರು ರಸ್ತೆ ಇನ್ನೂ ಏಳು ಕಿಲೋಮೀಟರ್ ಕೆಳಗಿತ್ತು. ಆಂಬುಲೆನ್ಸಿಗೆ ಫೋನ್ ಮಾಡಲು ಊರಿನ ಇನ್ನೊಬ್ಬ ಆಗಲೇ ಮುಂದೆ ಓಡಿದ್ದ.

ಮುಂದಿನ ಹೆಗಲು ಕೇತನದು. ಪೇಟೆಯಿಂದ ಬರುವ ಈ ಸೈಕಲ್ ಸವಾರನಿಗೆ ಮೂರು ವರ್ಷದಿಂದ ಬೆಟ್ಟದ ದಾರಿಗಳನ್ನೆಲ್ಲ ತೋರಿಸಿದವನು ಅವನೇ.

"ಸೈಕಲ್ಲೇ ಹಗುರ ಸಾರ್. ನೀವು ಭಾರ."

"ನಗಿಸ್ಬೇಡ ಕಣೋ, ಕಾಲು ಸಿಡಿಯುತ್ತೆ."

"ಮುಂದಿನ ತಿಂಗ್ಳು ನನ್ ಹೆಂಡ್ತೀನೂ ಹಿಂಗೇ ಹೊರ್ಬೇಕು. ಹೋದ್ ಸಲ ಅರ್ಧ ದಾರೀಲೇ ಹೆರಿಗೆ ಆಗೋಯ್ತು, ಮಗ ಉಳೀನಿಲ್ಲ." ಕೇತ ಉಸಿರು ಎಳೆದುಕೊಂಡ. "ನಮ್ಮೂರಿಗೆ ರಸ್ತೆ ಮಾಡೋ ವಿಷ್ಯ ಆಫೀಸ್ನೋರಿಗೆ ಹೇಳಿದ್ರಾ ಸಾರ್?"

"ಹೇಳಿದೀನಪ್ಪ. ಬರೆದೂ ಕೊಟ್ಟಿದೀನಿ."

"ಕೇಳುಸ್ಕಂಡ್ರೇನ್ರೋ?" ಕೇತ ಉಳಿದ ಮೂವರ ಕಡೆ ಕತ್ತು ಹೊರಳಿಸಿದ. "ನಮ್ ಪರವಾಗೂ ಒಬ್ರು ಅವ್ರೆ ಅಂತ ನಾನ್ ಹೇಳ್ನಿಲ್ವಾ?"

ಬಂಡೆಯ ಬಳಿ ಜೋಲಿ ಇಳಿಸಿ ಎಲ್ಲರೂ ಬೆವರು ಒರೆಸಿಕೊಂಡರು. ಇಡೀ ದಾರಿಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಸವಾರನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಆಂಬುಲೆನ್ಸ್‌ನೋರೇ ಇರ್ಬೇಕು," ಎಂದು ಕೇತ ಫೋನ್ ತೆಗೆದು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಗೆದ್ವಿ ಕಣೋ!" ಸೈಕಲ್ ಗೆಳೆಯನೊಬ್ಬನ ದನಿ ಕೂಗಿತು. "ನೀನು ಬರೆದುಕೊಟ್ಟ ಆಕ್ಷೇಪಣೆ ಒಪ್ಕೊಂಡು ರಸ್ತೆ ಕೈಬಿಟ್ಟಿದಾರೆ. ಇನ್ನು ಆ ಬೆಟ್ಟಕ್ಕೆ ಒಂದೇ ಒಂದು ಗಾಡಿ ಬರಲ್ಲ!"