ಗೀಜಗನ ದೀಪಗಳು

ನಡುರಾತ್ರಿ ಚೀಂ ಎಂಬ ಸಣ್ಣ ದನಿ ಕೇಳಿ ಅವಳಿಗೆ ಎಚ್ಚರವಾಯಿತು. ದನಿ ಬಂದದ್ದು ಮಂಚದ ಮೇಲೆ ಸಂಜೆಯಷ್ಟೇ ತೂಗುಹಾಕಿದ್ದ ದೀಪದಿಂದ. ಕೆರೆಯಂಚಿನ ಆ ರೆಸಾರ್ಟಿನ ಕೋಣೆಗಳಿಗೆಲ್ಲ ಅಲ್ಲಿಯದೇ ಗೀಜಗನ ಗೂಡುಗಳಲ್ಲಿ ದೀಪ ಮಾಡಿಸಿದ್ದು ಅವಳ ವಿನ್ಯಾಸ. ಸ್ವಂತವಾಗಿ ಹಿಡಿದ ಮೊದಲ ಕೆಲಸ; ಬೆಳಗಾದರೆ ಉದ್ಘಾಟನೆ.

ಸ್ಟೂಲು ಹತ್ತಿ ಗೂಡಿನೊಳಗೆ ಬೆರಳಿಟ್ಟಳು. ಪುಕ್ಕವಿಲ್ಲದ ಬೆಚ್ಚನೆಯ ಮೈಯೊಂದು ಮಿಸುಕಿತು. ಅವಳು ಕೆಳಗಿಳಿದಳು. ಶೆಡ್ಡಿನಲ್ಲಿ ಮಲಗಿದ್ದ ಮೇಸ್ತ್ರಿಯನ್ನು ಕರೆಸಿದಳು.

“ಹಕ್ಕಿ ಬಿಟ್ಟುಹೋದ ಖಾಲಿ ಗೂಡು ಮಾತ್ರ ತನ್ನಿ ಅಂದಿದ್ದೆನಲ್ಲ?”

“ಅದಕ್ಕೆ ಕಾಯ್ತಾ ಕೂತಿದ್ರೆ ದೀಪಾವಳಿ ಆಗೋದು ಮೇಡಂ. ನೀವು ನೋಡಿದ್ರೆ ದಿನಾ ಫೋನು, ಆಯ್ತಾ ಆಯ್ತಾ ಅಂತ.”

“ಹಾಗಾದ್ರೆ ಉಳಿದ ಕೋಣೆಗಳಲ್ಲೂ ಮರಿಗಳಿವೆಯಾ?”

“ಛೇ, ಇಲ್ಲ. ನಿಮ್ಮ ಮಾತು ಮೀರ್ತೀನಾ? ಒಂದೊಂದು ಗೂಡನ್ನೂ ಕೆರೆಗೆ ಕೊಡವಿ, ಖಾಲಿ ಮಾಡಿಸಿಯೇ ತಂದಿದ್ದು. ಇದೊಂದು ಹೇಗೋ ತಪ್ಪಿಹೋಗಿದೆ,” ಎಂದು ಅವನು ಗೂಡಿಗೆ ಕೈಹಾಕಿದ.

ಬೆಳಗ್ಗೆ ಯಾರಿಗೂ ಏನೂ ಹೇಳಬಾರದೆಂದು ಅವಳು ತೀರ್ಮಾನಿಸಿದಳು. ಅವನು ಮುಷ್ಟಿ ಬಿಗಿಹಿಡಿದು ಹೊರಗೆ ಹೋಗುವವರೆಗೂ ಗೋಡೆ ನೋಡುತ್ತ ನಿಂತಳು.