ಕಿಟಕಿ ಪಕ್ಕದ ಮಾವ

ಗಾಳಿಯ ತೇವ ಹೀರುವ ಹೊಸ ಮೆಷಿನ್ನಿನ ಡಬ್ಬಿ ಮತ್ತೆ ತುಂಬಿತ್ತು. ಗೋಡೆಯ ಬೂಷ್ಟು ಮಾತ್ರ ಜಪ್ಪಯ್ಯ ಅಂದಿರಲಿಲ್ಲ. ಒಳಗೆ ಪುಟ್ಟ ಮಗಳ ಕೆಮ್ಮು ಕೇಳಿ ಅಳಿಯನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಳಿಯಂದ್ರೇ, ಅಂಗಡಿಯೋನು ನಿಮಗೆ ಸರಿಯಾಗಿ ಟೋಪಿ ಹಾಕಿದಾನೆ," ಎಂದರು ಪರದೆ ಪಕ್ಕ ಕೂತಿದ್ದ ಮಾವ.

"ಬಕೆಟ್‌ಗಟ್ಟಲೆ ನೀರು ತೆಗೀತಿದೆಯಲ್ಲ ಮಾವ!" ಎಂದು ಡಬ್ಬಿ ಎತ್ತಿದವನ ಕತ್ತಿಗೆ ತಣ್ಣನೆ ಗಾಳಿ ತಾಕಿತು. ಪರದೆ ಸರಿಸಿದರೆ ಕಿಟಕಿ ಹಾರುಹೊಡೆದಿದೆ. ಹೊರಗೆ ಜಿನುಗು ಮಳೆ.

"ಮುಚ್ಚಿದ ಮನೇಲಿ ನಂಗೆ ಉಸಿರು ಕಟ್ಟತ್ತಪ್ಪ. ಮೆಷಿನ್ನಿಗೂ ಗಾಳಿ ಬೇಡ್ವೇ?"

"ಅಯ್ಯೋ ಮಾವ, ಇಷ್ಟು ದಿನ ನಾವು ಇಡೀ ಬೀದಿ ಒಣಗಿಸ್ತಾ ಇದ್ವು!"

ಮಾವ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಮತ್ತೆ ಕೆಮ್ಮಿದಳು. ಅವರು ತೆರೆದ ಬಾಯಿ ಮುಚ್ಚಿದರು, ಎದ್ದು ಕಿಟಕಿಯನ್ನೂ ಮುಚ್ಚಿದರು. ಆಮೇಲೆ ಛತ್ರಿ ಬಿಚ್ಚಿ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು.